ಅಂಚಿನಲ್ಲಿ ಐದು ಮಚ್ಚೆ

ಮಾರ್ಚ್ 3, ಸೋಮವಾರ

ಇವತ್ತೂ ಹನ್ನೆರಡು ಥಾನು ಬಟ್ಟೆ. ಹೊಸ ಯಂತ್ರದ ಬಾಯಿಂದ ಉಣ್ಣೆಬಟ್ಟೆ ಬರುತ್ತದೆ, ಅಂಚು ಹಿಡಿದು ಎಳೆಯುತ್ತೇನೆ, ಮಡಚಿ ಬಣ್ಣದ ಮನೆಗೆ ಕಳಿಸುತ್ತೇನೆ. ಪ್ಲಾಸ್ಮಾ ಯಂತ್ರವಂತೆ. ಒಳಗೆಲ್ಲ ನೇರಳೆ ಬೆಳಕು. ನೋಡಿದಷ್ಟೂ ಸಾಲದು.

ಯಂತ್ರ ತಂದ ಇಂಜಿನಿಯರ್ ಮೇಡಂ ಕರೆದು ಎರಡು ತುಂಡು ಬಟ್ಟೆ ಇಟ್ಟರು. ಹಳೆಯದರ ಮೇಲೆ ನೀರು ಹನಿಸಿದರು. ಕೆಸುವಿನೆಲೆ ಮೇಲೆ ಕೂತ ಹಾಗೆ ಗುಂಡಗೆ ಕೂತಿತು. ಐವತ್ತರವರೆಗೆ ಎಣಿಸಿದೆ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಯಂತ್ರದಿಂದ ಬಂದ ತುಂಡಿನ ಮೇಲೆ ಬಿದ್ದದ್ದೇ ತಡ — ಮಾಯ!

"ಉಣ್ಣೆಯ ಎಳೆಗೆ ಮೀನಿನ ಹಾಗೆ ಹುರುಪೆ ಇರುತ್ತೆ ಕಣೇ. ಅದರ ಮೇಲೆ ಜಿಡ್ಡಿನ ಪೊರೆ. ನೀರನ್ನ ಒಳಗೆ ಬಿಡಲ್ಲ. ಗಾಳಿಗೆ ಕರೆಂಟು ಹಾಯಿಸಿದರೆ ಅದು ಆ ಪೊರೆ ಕಿತ್ತುಹಾಕುತ್ತೆ. ಎಳೆಯ ಒಳಗನ್ನ ಮುಟ್ಟಲ್ಲ, ಬರೀ ಮೈ" ಅಂದರು. ಆಮೇಲೆ, "ಯಂತ್ರ ಇಲ್ಲೇ ಉಳಿದರೆ ನಡೆಸೋಕೆ ನಿನ್ನೇ ಕೂರಿಸ್ತೀನಿ."

ನನ್ನನ್ನ! ಹೂಂ ಅನ್ನಲೂ ಬಾಯಿ ಬರಲಿಲ್ಲ.

ಮನೆಯಲ್ಲಿ ತಟ್ಟೆಯ ಮುಂದೆ ಕೂತು ಅತ್ತಿಗೆಗೆ ಎಲ್ಲ ಹೇಳಿದೆ. "ಮೊದಲು ಉಣ್ಣೇ ತಾಯಿ. ನಿನ್ನ ಹನಿ ನೀರಿಂದ ಹೊಟ್ಟೆ ತುಂಬಲ್ಲ."

ಮಾರ್ಚ್ 5

ಮೊದಲ ಲಾಟು ಬಟ್ಟೆಗೆ ಬಣ್ಣ. ಮುಂಚೆ ಒಂದು ಗಂಟೆ ಕುದಿಸುತ್ತಿದ್ದರು. ಈಗ ಅರ್ಧ ಗಂಟೆ, ಕುದಿಯೂ ಬೇಡ. ಬಣ್ಣದ ಮೇಸ್ತ್ರಿಗೆ ಮೈಯೆಲ್ಲ ಉರಿ — "ಮೂವತ್ತು ವರ್ಷ ನಾನೇನು ಕತ್ತೆ ಕಾಯ್ದೆನಾ?"

ಬಟ್ಟೆ ಹೊರಗೆ ಬಂತು. ಅಬ್ಬಾ ಆ ನೀಲಿ! ಆದರೆ ಅಂಚಿನಲ್ಲಿ ಬಿಳಿಚಿದ ಮಚ್ಚೆ. ಉದ್ದಕ್ಕೂ.

ಮೇಸ್ತ್ರಿ ಮೀಸೆಯಲ್ಲೇ ನಕ್ಕರು. ಮಾಲೀಕರು ಒಂದೇ ಮಾತು: ಶುಕ್ರವಾರದೊಳಗೆ ಸರಿಹೋಗದಿದ್ದರೆ ಯಂತ್ರ ವಾಪಸ್.

ಮಾರ್ಚ್ 6, ಮಧ್ಯಾಹ್ನ

ಎರಡನೇ ಲಾಟಿನಲ್ಲೂ ಮಚ್ಚೆ. ಮೇಡಂ ಯಂತ್ರ ಬಿಚ್ಚಿ ಕೂತಿದ್ದಾರೆ, ಊಟಕ್ಕೂ ಏಳಲಿಲ್ಲ.

ಕೆಟ್ಟ ಬಟ್ಟೆ ಹರಡಿ ನೋಡಿದೆ. ಒಂದು ಕಡೆ ನಾಲ್ಕು ಮಚ್ಚೆ, ಹಿಂಬದಿಗೆ ಒಂದು. ಸುಮ್ಮನೆ ಕೈ ಇಟ್ಟೆ. ಸರಿಯಾಗಿ ಕೂತಿತು. ನಾಲ್ಕು ಬೆರಳು, ಒಂದು ಹೆಬ್ಬೆರಳು.

ಅಂಗೈ ಮೂಸಿ ನೋಡಿದೆ.

ಮುಲಾಮು! ಬಣ್ಣದ ನೀರಿಗೆ ಕೈ ಬಿರಿಯುತ್ತದೆಂದು ನಾವೆಲ್ಲ ಹಚ್ಚುತ್ತೇವೆ. ನಲ್ಲಿಯ ಹತ್ತಿರ ಡಬ್ಬಿಯೇ ಇದೆ. ಮುಂಚೆ ಒಂದು ಗಂಟೆ ಕುದಿಯಲ್ಲಿ ಹೋಗಿಬಿಡುತ್ತಿತ್ತು. ಈಗ ಕುದಿ ಇಲ್ಲ. ಯಂತ್ರ ಕಿತ್ತ ಜಿಡ್ಡನ್ನು ನಾನೇ ಮತ್ತೆ ಬಳಿದಿದ್ದೇನೆ.

ಹೇಳಿದರೆ ಯಂತ್ರ ನಡೆಸುವ ನನ್ನ ಕುರ್ಚಿ ಹೋಯಿತು. ಹೇಳದಿದ್ದರೆ ಯಂತ್ರವೇ ಹೋಯಿತು...

ಮಾರ್ಚ್ 7, ಬೆಳಿಗ್ಗೆ 9

ಹೇಳಿದೆ! ಹೇಳಿಬಿಟ್ಟೆ!

ಏಳಕ್ಕೇ ಹೋಗಿ ಯಂತ್ರದಿಂದ ಬಂದ ತುಂಡಿನ ಅರ್ಧಕ್ಕೆ ಮುಲಾಮು ಸವರಿ ಎರಡೂ ಕಡೆ ಹನಿ ಹಾಕಿದ್ದೆ. ಸವರದ ಕಡೆ ಮಾಯ, ಸವರಿದ ಕಡೆ ಗುಂಡಗೆ ಕೂತಿತು. ಅದನ್ನೇ ಹಿಡಿದುಕೊಂಡು ಹೋಗಿ ಮೇಡಂ ಮುಂದೆ ಇಟ್ಟೆ. "ನನ್ನ ಕೈ ಮೇಡಂ. ಯಂತ್ರದ್ದಲ್ಲ."

ಮೇಡಂ ಹನಿ ನೋಡಿದರು, ನನ್ನ ಕೈ ನೋಡಿದರು. ಆಮೇಲೆ ಬಿದ್ದು ಬಿದ್ದು ನಗು. "ಎರಡು ದಿನದಿಂದ ಅದರ ಹೊಟ್ಟೆ ಬಗೀತಿದ್ದೀನಿ!"

ಮೇಸ್ತ್ರಿ ಹಿಂದೆಯೇ ಇದ್ದರು. "ಇವಳಿಗೆ ಬಾಯಿ ಬೇರೆ ಇದೆಯಾ?"

ಮೇಡಂ ಕೈಗವಸು ಕೊಟ್ಟರು, ರಬ್ಬರಿನದು. ಬಿಚ್ಚಿದ ಯಂತ್ರ ಮತ್ತೆ ಜೋಡಿಸಿದರು. ಕೊನೆಯ ಲಾಟು ಒಳಗೆ ಹೋಯಿತು. ಕಾಲು ನಿಲ್ಲುತ್ತಿಲ್ಲ.

ಮಧ್ಯಾಹ್ನ 3

ಒಂದೂ ಇಲ್ಲ. ಒಂದೇ ಒಂದೂ ಇಲ್ಲ! ಮೇಸ್ತ್ರಿ ಕನ್ನಡಕ ಏರಿಸಿ ಗೇಣುಗೇಣಾಗಿ ಅಂಚು ನೋಡಿದರು. ಕೊನೆಗೆ "ಹೂಂ" ಅಂದರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ಯಂತ್ರ ಉಳಿಯಿತು. ಕುರ್ಚಿ?

"ಕೊಡ್ತೀನಿ. ಆದರೆ ಸೋಮವಾರ ಎಂಟಕ್ಕೆ ಎರಡೂ ಪಾಳಿಯವರನ್ನ ಸೇರಿಸ್ತೀನಿ. ಮುಲಾಮಿನ ವಿಷಯ ನೀನೇ ತಿಳಿಸಿ ಹೇಳಬೇಕು."

"ನನಗೆ ಮಾತು ಬರಲ್ಲ ಮೇಡಂ."

"ಬೆಳಿಗ್ಗೆ ಬಂತಲ್ಲ?"

ಮಾರ್ಚ್ 9, ಭಾನುವಾರ

ನಲವತ್ತು ಜನ! ಅತ್ತಿಗೆಯನ್ನ ಮುಂದೆ ಕೂರಿಸಿ ಅಭ್ಯಾಸ. "ಎಲ್ಲರಿಗೂ ನಮಸ್ಕಾರ" ಅಂದದ್ದೇ ಆಕಳಿಸಿದರು. "ನಮಸ್ಕಾರ ಹಾಗಿರಲಿ. ತಪ್ಪು ಯಾರದು ಅಂತ ಮೊದಲು ಹೇಳು. ಎಲ್ಲರ ಕಿವಿ ನೆಟ್ಟಗಾಗುತ್ತೆ."

ಹೌದಲ್ಲ. ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೇನೆ.

ತಪ್ಪು ನನ್ನದು. ಈಗ ಎಲ್ಲರೂ ಒಂದು ಸಲ ನಿಮ್ಮ ನಿಮ್ಮ ಕೈ ತೋರಿಸಿ—