ದುಬೈಗೆ ನಾಲ್ಕು ತಾಸು

ಬಸವಕಲ್ಯಾಣ
೧೪ ನವೆಂಬರ್ ೨೦೨೪

ದುಬೈಯಲ್ಲಿ ಇದ್ದೇನೆಂದು ಹೇಳುವ ನಮ್ಮ ಮನೆಯವರಿಗೆ ಪೂನಂ ಮಾಡುವ ಶರಣು.

ನಾವೆಲ್ಲ ಅರಾಮ ಇದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವ ಮೊದಲು ಎಲ್ಲಿದ್ದೀರಿ ಎಂದು ಕೇಳಬೇಕಾಗಿದೆ. ಫೋನಿನಲ್ಲಿ ಕೇಳಿದರೆ ನೆಟ್ ಇಲ್ಲ ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಹೊರಟ ದಿನದಿಂದಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿದೆ. ಹೈದರಾಬಾದಿನಿಂದ ಬೆಳಿಗ್ಗೆ ಹತ್ತಕ್ಕೆ ವಿಮಾನ ಎಂದಿರಿ. ನಿಮ್ಮನ್ನು ತನ್ನ ಬಾಡಿಗೆ ಗಾಡಿಯಲ್ಲಿ ಅಲ್ಲಿಗೆ ಬಿಟ್ಟ ನೆರೆಮನೆಯ ಸೋಹೇಲ ಹೊರಡುವ ಮೊದಲೇ, "ದುಬೈ ಅಂದ್ರ ಎರಡೂವರಿ ಸಾವಿರ ಕಿಲೋಮೀಟರ್ ಭಾಭಿ. ಹತ್ತಿ ಕುಂತ್ರ ನಾಲ್ಕ ತಾಸು ಬೇಕ್ರಿ" ಎಂದಿದ್ದ. ನೀವು ಹನ್ನೆರಡಕ್ಕೇ ಫೋನ್ ಮಾಡಿ ಇಳಿದೆ ಎಂದಿರಿ. ಇಷ್ಟು ಬೇಗ ಹೇಗೆ ಎಂದರೆ, "ಇಲ್ಲಿ ಗಡಿಯಾರ ಒಂದೂವರಿ ತಾಸು ಹಿಂದ ಅದ, ನಿನಗ ತಿಳಿಯಂಗಿಲ್ಲ" ಎಂದು ನಕ್ಕಿರಿ. ನಾನೂ ನಕ್ಕೆ. ಆಮೇಲೆ ರೊಟ್ಟಿ ಬಡಿಯುವಾಗ ಹೊಳೆಯಿತು. ಅಲ್ಲಿನ ಗಡಿಯಾರ ಹಿಂದಿದ್ದರೇನು, ಫೋನ್ ಬಂದಾಗ ನಾನು ನೋಡಿದ್ದು ನಮ್ಮ ಗೋಡೆಯ ಗಡಿಯಾರವನ್ನಲ್ಲವೇ?

ಆದರೆ ಅತ್ತೆಯವರು ಓಣಿಯಲ್ಲಿ ಸಿಕ್ಕವರಿಗೆಲ್ಲ "ನಮ್ಮ ಬಸವಕುಮಾರ ದುಬೈದಾಗ ಹಾನ" ಎಂದು ಹೇಳಿಕೊಂಡು ತಿರುಗುವಾಗ ನಾನು ಯಾವ ಬಾಯಿಂದ ಇಲ್ಲ ಎನ್ನಲಿ?

ಹೋದ ಶುಕ್ರವಾರ ಸಂಜೆ ನೀವೇ ಸಿಕ್ಕಿಬಿದ್ದಿರಿ. "ಕೇಳು, ಇಲ್ಲಿ ಅಜಾನ್ ಆಗಾಕತ್ತದ, ಹೊತ್ತು ಮುಳುಗ್ತು" ಎಂದಿರಿ. ಅದೇ ಗಳಿಗೆಗೆ ನಮ್ಮ ಓಣಿಯ ಮಸೀದಿಯಲ್ಲೂ ಅಜಾನ್ ಆಗುತ್ತಿತ್ತು. ಗಡಿಯಾರ ಹಿಂದಿರುವ ಊರಿನಲ್ಲಿ ಹೊತ್ತೂ ತಡವಾಗಿ ಮುಳುಗಬೇಕಲ್ಲ! ನಿಮಗಾಗಿ ಸೂರ್ಯ ಸುಳ್ಳು ಹೇಳುತ್ತಾನೆಯೇ?

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ನೀವು ಇನ್ನೊಂದು ಮನೆ ಮಾಡಿದ್ದೀರಿ ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಿಮ್ಮ ಹಳೆಯ ಅಂಗಿಗಳನ್ನೆಲ್ಲ ಮೂಸಿ ನೋಡಿದೆ.

ಮೊನ್ನೆ ಹುಮನಾಬಾದಿಗೆ ಬಾಡಿಗೆ ಹೋಗಿ ಬಂದ ಸೋಹೇಲ ನನ್ನ ಮುಖ ನೋಡದೆ, "ಅಣ್ಣಾರು ಕಾಳಿನ ಅಡತಿ ಅಂಗಡ್ಯಾಗ ಸೋಯಾ ಚೀಲ ಹೊರಾಕತ್ತಿದ್ರು ಭಾಭಿ. ನನ್ನ ನೋಡಿ ಟವಲ್ ಮಾರಿಗಿ ಹಾಕ್ಕೊಂಡ್ರು" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಹುಮನಾಬಾದು ಇಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ.

ಏಜೆಂಟ್ ಮೋಸ ಮಾಡಿದನೇ? ಓಣಿಯವರೆಲ್ಲ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದ್ದರೆಂದು ಮರಳಿ ಬರಲು ಮುಖವಿಲ್ಲದಾಯಿತೇ? ಹಾಗಿದ್ದರೆ ಆ ಶಾಲಿಗೆ ಬೆಂಕಿ ಬೀಳಲಿ. ಇಲ್ಲ, ಅಲ್ಲಿ ಯಾವಳೋ ಇದ್ದಾಳೆ ಎಂದಾದರೆ ಅದನ್ನೂ ನಿಮ್ಮ ಬಾಯಿಂದಲೇ ಕೇಳಬೇಕು. ಸಂಶಯ ಹೊತ್ತುಕೊಂಡು ಬಾಳುವುದು ನನ್ನಿಂದ ಆಗದು.

ಇನ್ನೂ ನಿಮ್ಮವಳೇ ಆದ
ಪೂನಂ

ತಾ.ಕ.: ಈ ಸಾಲುಗಳನ್ನು ಹುಮನಾಬಾದಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟ ಸೋಹೇಲನ ಗಾಡಿ ನಿಮ್ಮ ಅಂಗಡಿಯ ಎದುರಿಗೇ ನಿಂತಿದೆ, ಹಿಂದಿನ ಸೀಟಿನಲ್ಲಿ ನಾನಿದ್ದೇನೆ. ಟವಲ್ ತೆಗೆದು ಹೊರಗೆ ಬನ್ನಿ. ನಿಮ್ಮ ಮುಖ ನೋಡಿದರೆ ಸಾಕು, ನಿಜ ಯಾವುದೆಂದು ನನಗೆ ತಿಳಿಯುತ್ತದೆ.