ಪರದೆಯ ಹೊರಗೆ ಹೋದ ಕೈಗಳು

ಸೋಮವಾರ, ಬೆಳಗಿನ ಪ್ರಾರ್ಥನೆ ಮುಗಿಸಿ

ಕಂಪ್ಯೂಟರ್ ಅಂಗಡಿಯ ಯಜಮಾನನಾದ ನನ್ನ ತಮ್ಮನಿಗೆ,

ಅಕ್ಕನ ಆಶೀರ್ವಾದ. ಅದನ್ನು ತಡೆಹಿಡಿಯುವ ಅಧಿಕಾರ ದೇವರು ನನಗೆ ಕೊಟ್ಟಿಲ್ಲ, ಅದಕ್ಕೇ ಬರೆದೆ. ಮುಂದಿನದೆಲ್ಲ ಸಿಟ್ಟು. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ.

ನಾನು ಕೇಳಿದ್ದೇನು? ಮಗಳು ನನ್ನ ಕಂಪ್ಯೂಟರಿಗೆ ಅಗಲ ಪರದೆ ಕಳಿಸಿದ್ದಾಳೆ, ಅವಳ ಎಚ್‌ಡಿ ವಿಡಿಯೋ ತಡವರಿಸದೆ ಓಡುವಂಥ ಗ್ರಾಫಿಕ್ಸ್ ಕಾರ್ಡ್ ನೋಡಿ ಹಾಕು ಎಂದೆ. ನೀನು ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯದೊಂದನ್ನು ತಂದು ತುರುಕಿದೆ. "ಮಾತೇ ಇಲ್ಲದ ವಿಡಿಯೋಗೆ ಅಷ್ಟು ಒಳ್ಳೇ ಕಾರ್ಡ್ ಯಾಕಕ್ಕಾ?" ಎಂದು ನಕ್ಕೆ.

ಮಾತಿಲ್ಲವೇನೋ? ಹುಟ್ಟಿನಿಂದ ಕಿವಿ ಕೇಳಿಸದ ಹುಡುಗಿ, ಕೈಯಲ್ಲೇ ಮಾತಾಡುತ್ತಾಳೆ. ಅವಳನ್ನು ಎತ್ತಿ ಆಡಿಸಿದವನಿಗೆ ಇದನ್ನೂ ಹೇಳಿಕೊಡಬೇಕೆ? ಅವಳ ವಿಡಿಯೋ ಒಂದು ಗಳಿಗೆ ನಿಂತರೆ ಒಂದು ಮಾತು ಬಿದ್ದುಹೋಗುತ್ತದೆ.

ನಿನ್ನ ಕಾರ್ಡಿಗೆ ಆ ಪರದೆ ತುಂಬಲು ಆಗಲಿಲ್ಲ. ನಾಲ್ಕೂ ಕಡೆ ಕಪ್ಪು ಪಟ್ಟಿ. ಚಿತ್ರ ಹಿಗ್ಗಿಸಿ ಪಟ್ಟಿ ಮಾಯ ಮಾಡಿ, "ನೋಡಕ್ಕಾ, ಸಿನಿಮಾ ಥರ!" ಎಂದೆ. ಮುಖ ದೊಡ್ಡದಾಯಿತು, ಕೈಗಳು ಪರದೆಯ ಹೊರಗೆ ಹೋದವು. ಕಂಡ ಅಷ್ಟಿಷ್ಟೂ ನಿಂತು ನಿಂತು ಓಡಿತು.

ಹೆರಿಗೆಗೆ ಮುಂಚೆ ಕಳಿಸಿದ ಮೂರು ವಿಡಿಯೋದಲ್ಲೂ ಅವಳು ಕೇಳಿದ್ದು ಒಂದೇ: ಹೆರಿಗೆಗೆ ನೀನು ಬಾ, ನಿನ್ನ ಅಳಿಯ ಹಡಗಿನ ಕೆಲಸದಲ್ಲಿದ್ದಾರೆ, ಆಸ್ಪತ್ರೆಯಲ್ಲಿ ನನ್ನ ಕೈ ಓದುವವರಿಲ್ಲ. ನಾನು ಆ ಮುಖದ ನಗು ನೋಡಿ, ದೇವರು ಒಳ್ಳೆಯದು ಮಾಡಲಿ ಎಂದು ಮೂರು ಸಲವೂ ಕೈಮುಗಿದ ವಿಡಿಯೋ ಕಳಿಸಿದೆ! ಅಮ್ಮ ಬರುವುದಿಲ್ಲ ಎಂದುಕೊಂಡು ನನ್ನ ಮಗಳು ಒಬ್ಬಳೇ ಹೆತ್ತಳು.

ಶನಿವಾರ, ಅವಳು ಕಳಿಸಿದ ವಿಡಿಯೋದಿಂದ ಮೊಮ್ಮಗುವಿನ ಫೋಟೋ ಮಾಡಿಸಲು ಎಲ್ಲ ವಿಡಿಯೋ ಸ್ಟುಡಿಯೋಗೆ ಒಯ್ದೆ. ಅಲ್ಲಿನ ಪರದೆಯಲ್ಲಿ ಅವಳ ಕೈ ಪೂರ್ತಿ ಕಂಡಿತು, ಅವಳು ಕೇಳಿದ್ದೆಲ್ಲ ಆಗಲೇ ತಿಳಿಯಿತು. ಹೆತ್ತ ಮೇಲೆ ಕಳಿಸಿದ್ದರಲ್ಲಿ ಹೇಳುತ್ತಾಳೆ: ನೋವು ಎಲ್ಲೆಂದು ತೋರಿಸಹೋದರೆ, ಒದ್ದಾಡಬೇಡ ಎಂದು ನರ್ಸಮ್ಮ ಎರಡೂ ಕೈ ಅದುಮಿ ಹಿಡಿದಳಂತೆ. ಹೆರುವವಳ ಬಾಯಿಗೆ ಬಟ್ಟೆ ತುರುಕಿದಂತಲ್ಲವೇನೋ ಅದು? ಸ್ಟುಡಿಯೋದವರ ಎದುರೇ ಅತ್ತುಬಿಟ್ಟೆ.

ಎಚ್‌ಡಿ ವಿಡಿಯೋ ಸರಾಗ ಓಡಿಸಿ, ಪರದೆಯ ಪೂರ್ತಿ ಅಳತೆಗೆ ಚಿತ್ರ ಕೊಡುವ ಕಾರ್ಡ್ ಯಾವುದೆಂದು ಅವರು ಚೀಟಿ ಬರೆದುಕೊಟ್ಟಿದ್ದಾರೆ. ಇದರ ಜೊತೆಗಿದೆ. ಅದನ್ನೇ ತಂದು ಹಾಕು, ನಿನ್ನ ಜಾಣತನ ಅಂಗಡಿಯಲ್ಲೇ ಇರಲಿ. ನಾನು ನಾಳೆ ಮಗಳ ಹತ್ತಿರ ಹೊರಟೆ. ಬೀಗದ ಕೈ ಪಕ್ಕದ ಮನೆ ಟೈಲರಮ್ಮನ ಬಳಿ.

ಇನ್ನೂ ತಣ್ಣಗಾಗದ
ನಿನ್ನ ಅಕ್ಕ

ತಾ.ಕ.: ದೇವರ ಮುಂದೆ ಕೂತು ಬಂದು ಸುಳ್ಳು ಮುಚ್ಚಿಡಲಾರೆ. ಆ ಪಟ್ಟಿ ತೆಗಿ, ಮಗಳ ಮುಖ ದೊಡ್ಡದಾಗಿ ಕಾಣಲಿ ಎಂದು ಹಟ ಹಿಡಿದವಳು ನಾನೇ. ನಿನಗೂ ನೆನಪಿದೆ, ನೀನು ಬಾಯಿ ಬಿಟ್ಟಿಲ್ಲ. ಬಿಡಬೇಡ. ಅವಳೆದುರು ಕೂತು ನಾನೇ ಹೇಳುತ್ತೇನೆ, ನನ್ನ ಎರಡೂ ಕೈಯಲ್ಲಿ.