ಮೇಡಂ ಎತ್ತದ ಕೈ

ಸೆಪ್ಟೆಂಬರ್ ೧೨, ಶುಕ್ರವಾರ

ಇವತ್ತೂ ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದಾಯಿತು. ಸರ್ವಿಸ್ ಲಿಫ್ಟ್ ಕೆಟ್ಟು ತಿಂಗಳಾಯಿತು. ಕೆಲಸದವರು ಮೇನ್ ಲಿಫ್ಟ್ ಹತ್ತುವಂತಿಲ್ಲ, ಮೆಟ್ಟಿಲೇ ಗತಿ — ಅಪಾರ್ಟ್‌ಮೆಂಟ್ ಸೊಸೈಟಿಯ ನಿಯಮ. ಆ ನೋಟಿಸ್ ಟೈಪ್ ಮಾಡಿ ಅಂಟಿಸಿದವಳು ಸೊಸೈಟಿ ಆಫೀಸಿನ ಕ್ಲರ್ಕ್, ಅಂದರೆ ನಾನೇ. ಅವ್ವ ಅಡುಗೆ ಮಾಡುವುದು ಹನ್ನೊಂದನೇ ಮಹಡಿಯ ನೀಲಿಮಾ ಮೇಡಂ ಮನೆಯಲ್ಲಿ. ನಮ್ಮ ಧಾರವಾಡ ಕಡೆಯವರೇ. ಬಡವ-ಬಲ್ಲಿದರ ಅಂತರದ ಬಗ್ಗೆ ಪೇಪರಿಗೆ ಬರೆಯುತ್ತಾರೆ, ಟಿವಿಯಲ್ಲಿ ಮಾತಾಡುತ್ತಾರೆ.

ಸಂಜೆ ಮೇಡಂ ಆಫೀಸಿಗೆ ಬಂದಿದ್ದರು. "ಸುರಭಿ, ರವಿವಾರ ಮೀಟಿಂಗಿನಾಗ ನಾನ ಠರಾವ್ ಮಂಡಸ್ತೀನಿ. ಎಲ್ಲಾರಿಗೂ ಒಂದೇ ಲಿಫ್ಟ್. ನಿಮ್ಮವ್ವಗ ಹೇಳು."

ಹೇಳಿದೆ. ಎಷ್ಟೋ ದಿನದ ಮೇಲೆ ನಕ್ಕಳು ಅವ್ವ.

ಸೆಪ್ಟೆಂಬರ್ ೧೪, ರವಿವಾರ

ಸಿಟ್ಟು ಇನ್ನೂ ಇಳಿದಿಲ್ಲ. ಮೇಡಂ ಚೆನ್ನಾಗಿಯೇ ಶುರು ಮಾಡಿದರು. ಅರ್ಧ ಹಾಲ್ ತಲೆಯಾಡಿಸುತ್ತಿತ್ತು. ಅಷ್ಟರಲ್ಲಿ ಏಳನೇ ಮಹಡಿಯ ಮಂದಾರ ಸಾಹೇಬರು ಎದ್ದು ಮರಾಠಿಯಲ್ಲಿ ಅಂದರು — "ಆಧೀ ತುಮ್ಚೇ ತೀನ್ ಫ್ಲಾಟ್ ವಿಕಾ, ಮಗ್ ಬೋಲಾ!" ಮೊದಲು ನಿಮ್ಮ ಮೂರು ಫ್ಲಾಟ್ ಮಾರಿ, ಆಮೇಲೆ ಮಾತಾಡಿ ಅಂತ. ಎಲ್ಲರೂ ಹೋ ಎಂದು ನಕ್ಕರು. ಲೋಣಾವಳಾ ಬೆಟ್ಟದಲ್ಲಿರುವ ಮೇಡಂ ಬಂಗಲೆಯನ್ನೂ ಯಾರೋ ಮಾತಿಗೆ ಎಳೆದು ತಂದರು.

ಸುಳ್ಳಲ್ಲ. ಆದರೆ ಮೂರು ಫ್ಲಾಟಿಗೂ ಅವ್ವನ ಮೊಣಕಾಲಿಗೂ ಏನು ಸಂಬಂಧ? ಒಬ್ಬರೂ ಕೇಳಲಿಲ್ಲ. ನಾನು ಕೇಳುವಂತಿಲ್ಲ, ಮೀಟಿಂಗಿನ ಮಿನಿಟ್ಸ್ ಬರೆಯುವವಳು. ಮೇಡಂ ಕೆಂಪಗಾಗಿ ಠರಾವು ವಾಪಸ್ ತಗೊಂಡು ಕೂತುಬಿಟ್ಟರು. ವೋಟೇ ಆಗಲಿಲ್ಲ.

ಸೆಪ್ಟೆಂಬರ್ ೧೯

ಮೇಡಂ ಅವ್ವನನ್ನು ಕೆಲಸದಿಂದ ಬಿಡಿಸಿದರು! ಬೈದಲ್ಲ — ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು. "ಉಮಾವತಿ, ನಿಮ್ಮನ್ನ ಮೆಟ್ಲ ಹತ್ತಿಸಿಕೋತ ನಾ ಸಮಾನತಾ ಅಂತ ಹೆಂಗ ಬರೀಲ್ರಿ? ಇನ್ನ ನನ್ನ ಅಡಗಿ ನಾನ ಮಾಡ್ಕೋತೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಕ್ಕವರು ಯಾರೋ, ಪಗಾರ ಹೋದದ್ದು ನಮ್ಮದು. ಅವ್ವ ಮಾತ್ರ "ಬೈಬ್ಯಾಡವಾ, ಛಲೋ ಮನಸ್ಸು ಅವರದು" ಅನ್ನುತ್ತಾಳೆ. ಅದಕ್ಕೇ ಇನ್ನೂ ಉರಿಯುತ್ತದೆ.

ಸೆಪ್ಟೆಂಬರ್ ೨೧, ಸಂಜೆ

ಹೋದೆ. ಮೇಡಂ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. "ನೋಡು, ಇನ್ನ ನನಗ ಯಾರೂ ಢೋಂಗಿ ಅನ್ನಂಗಿಲ್ಲ."

ಬಾಯಿ ತಡೆಯಲಿಲ್ಲ. "ಢೋಂಗಿನ ಇರ್ರಿ ಮೇಡಂ! ಮೂರಲ್ಲ, ಆರು ಫ್ಲಾಟ್ ಇಟ್ಕೊಳ್ರಿ. ನಮ್ಮವ್ವಗ ಲಿಫ್ಟ್ ಬೇಕಾಗೇದ್ರಿ. ನಗೋರು ನಗಲಿ, ನೀವು ಮೀಟಿಂಗಿನಾಗ ಮತ್ತ ಕೈ ಎತ್ರಿ!"

ಚಾಕು ಕೆಳಗಿಟ್ಟರು. ಆಮೇಲೆ ಮೆತ್ತಗೆ — "ಎಲ್ಲಾರ ಮುಂದ ಮತ್ತ ಹಂಗ ಅನಿಸ್ಕೊಳ್ಳೂದು ನನ್ನ ಕಡಿಂದ ಆಗಂಗಿಲ್ಲ, ಸುರಭಿ."

ಅಷ್ಟೇ. ಅವರ ಮಾನ ಅಷ್ಟು ತುಟ್ಟಿ.

ಸೆಪ್ಟೆಂಬರ್ ೨೪

ಅವ್ವನಿಗೆ ಬೇರೆ ಮನೆ ಸಿಕ್ಕಿತು. ಇದೇ ಬಿಲ್ಡಿಂಗ್. ಹದಿನಾಲ್ಕನೇ ಮಹಡಿ. "ಹತ್ತತೀನಿ ಬಿಡವಾ" ಅಂದಳು.

ಇಲ್ಲ. ನಾಳೆ ಮೇನ್ ಲಿಫ್ಟಿನಲ್ಲಿ ಅವಳ ಕೈ ಹಿಡಿದು ನಾನೇ ಕರೆದೊಯ್ಯುತ್ತೇನೆ. ಮಂದಾರ ಸಾಹೇಬರು ತಡೆಯಲಿ, ಸೆಕ್ರೆಟರಿ ತಡೆಯಲಿ. ನನ್ನ ನೌಕರಿ ಹೋದರೆ ಹೋಗಲಿ.